ಕಾಂಗರೂ ಕೆಳಗ, ಆಕಳ ಮ್ಯಾಲ ಅಂತ ಬರೀಬ್ಯಾಡ್ರಿ

ನಮಸ್ಕಾರ ರೀ ಮೇಡಂ,

ಸಸ್ತನಿಗಳು ಮರಿ ಹಾಕೋ ಬಗ್ಗೆ ನೀವು ಕಳಿಸಿದ ಆರ್ಟಿಕಲ್ ಪೂರಾ ಓದೀನಿ. ಈಗಿದ್ದಂಗ ನಮ್ಮ ಪತ್ರಿಕ್ಯಾಗ ಹಾಕ್ಲಿಕ್ಕ ಆಗಂಗಿಲ್ಲ, ಆದ್ರ ಕೈ ಬಿಡಬ್ಯಾಡ್ರಿ, ತಿದ್ದಿ ಕಳಿಸ್ರಿ, ಯಾಕಂದ್ರ ನಮ್ಮ ಕಲಬುರಗಿ ಬೀದರ್ ಕಡಿ ಹೈಸ್ಕೂಲ್ ಹುಡುಗ್ರಿಗೆ ತಿಳಿಯೋಹಂಗ ಈ ವಿಷಯ ಬರ್ಯೋರು ಭಾಳ ಕಮ್ಮಿ ಇದ್ದಾರ.

ದೊಡ್ಡ ತಕರಾರು ಮೊದ್ಲು ಹೇಳ್ತೀನಿ. ಮೊಟ್ಟಿ ಇಡೋ ಆಸ್ಟ್ರೇಲಿಯಾದ ಸಸ್ತನಿ ಪ್ಲಾಟಿಪಸ್ "ಹಿಂದುಳಿದದ್ದು", ಚೀಲದಾಗ ಮರಿ ಬೆಳಸೋ ಕಾಂಗರೂ "ಅರ್ಧ ಸುಧಾರಿಸಿದ್ದು", ಆಕಳ ಆನಿ ಮನುಷ್ಯಾ "ಪೂರ್ತಿ ಮುಂದುವರಿದವು" ಅಂತ ಮೂರು ಮೆಟ್ಟಿಲ ಕಟ್ಟೀರಿ. ಇದು ತಪ್ಪದ ರೀ. ಈ ಮೂರೂ ಇವತ್ತಿಗೂ ಬದುಕಿ ಬಾಳ್ಲಾಕತ್ತಾವ, ಒಂದು ಇನ್ನೊಂದರ ಕಚ್ಚಾ ಕಾಪಿ ಅಲ್ಲ. ಕೇಳಬೇಕಾದ ಪ್ರಶ್ನಿ ಬ್ಯಾರೆ ಅದ: ಮರಿ ಬೆಳಸೋ ಕೆಲಸ ತಾಯಿ ಹೊಟ್ಟಿ ಒಳಗ ಎಷ್ಟು ಮಾಡ್ತಾಳ, ಹುಟ್ಟಿದ ಮ್ಯಾಲ ಹಾಲಿನಿಂದ ಎಷ್ಟು ಮಾಡ್ತಾಳ? ಇದೊಂದು ದಾರ ಹಿಡಿದ್ರಿ ಅಂದ್ರ ಇಡೀ ಲೇಖನ ತಾನೇ ಜೋಡಿಸ್ಕೋತದ.

ಕೆಂಪು ಕಾಂಗರೂ ನೋಡ್ರಿ. ಗರ್ಭ ಬರೀ 33 ದಿನದ್ದು, ಹುಟ್ಟಿದ ಮರಿ 1 ಗ್ರಾಂ ಭೀ ತೂಗಂಗಿಲ್ಲ, ಕಣ್ಣು ಕಾಣಂಗಿಲ್ಲ, ಹಿಂಗಾಲು ಸರಿಯಾಗಿ ಮೂಡಿಲ್ಲ, ಆದ್ರೂ ಮುಂಗಾಲಿಂದ ತಾಯಿ ಕೂದಲ ಹಿಡ್ಕೊಂಡು ತೆವಳಿ ತೆವಳಿ ಚೀಲದಾಗ ಹೋಗಿ ಮೊಲಿ ಕಚ್ಚಿ ಹಿಡೀತದ, ಪೂರಾ ಹೊರಗ ಬರ್ಲಿಕ್ಕ ಸುಮಾರು 8 ತಿಂಗಳು ಬೇಕು. ನೀವು "ಚೀಲದಾಗೇ ಮರಿ ಹುಟ್ತದ" ಅಂತ ಬರ್ದೀರಿ, ಅದನ್ನ ತೆಗೀರಿ. "ಪ್ಲಾಸೆಂಟಾ ಇರಂಗಿಲ್ಲ" ಅನ್ನೋದೂ ತೆಗೀರಿ, ಹೊಟ್ಟ್ಯಾಗಿನ ಮರಿಗೆ ತಾಯಿಯಿಂದ ಆಹಾರ ಮುಟ್ಟಿಸೋ ಆ ಅಂಗ ಸ್ವಲ್ಪೇ ದಿನದ್ದು, ಸಾದಾ ತರದ್ದು, ಆದ್ರ ಇರ್ತದ. ಖರೇ ಸೋಜಿಗ ನೀವು ಬಿಟ್ಟೇಬಿಟ್ಟೀರಿ: ಚೀಲದಾಗ ಸಣ್ಣ ಮರಿ ಒಂದು, ಹೊರಗ ಜಿಗ್ಯಾಡೋ ಮರಿ ಒಂದು ಇದ್ದಾಗ ಅದೇ ತಾಯಿ ಒಂದು ಮೊಲಿಯಿಂದ ಒಂದು ತರದ ಹಾಲು, ಇನ್ನೊಂದು ಮೊಲಿಯಿಂದ ಬ್ಯಾರೇ ತರದ ಹಾಲು ಒಟ್ಟಿಗೇ ಕೊಡ್ತಾಳ, ಮ್ಯಾಲ ಗರ್ಭದಾಗ ಮೂರನೇದು ಕಾಳಿನಷ್ಟೂ ಆಗದ ಭ್ರೂಣ ಬೆಳವಣಿಗಿ ನಿಲ್ಲಿಸಿ ಕಾಯ್ತಿರ್ತದ. ಬರ ಬಿದ್ದು ಹಾಲು ಬತ್ತಿ ಚೀಲದ ಮರಿ ಹೋಯ್ತಂದ್ರ ಆ ಭ್ರೂಣ ಬೆಳೀಲಿಕ್ಕ ಚಾಲೂ ಮಾಡ್ತದ. ಮಳಿ ನಂಬಂಗಿಲ್ಲದ ನಾಡಿಗೆ ಇದಕ್ಕಿಂತ ಜಾಣ ಏರ್ಪಾಡು ಯಾವುದದ ಹೇಳ್ರಿ, ಇದನ್ನ "ಅರ್ಧ" ಅಂತ ಹ್ಯಾಂಗ ಅಂತೀರಿ? ಬರ ಕಂಡ ನಮ್ಮ ಯಾದಗಿರಿ, ಆಳಂದ ಕಡಿ ಓದೋರಿಗೆ ಇದು ಥಟ್ಟಂತ ಹತ್ತತದ.

ಪ್ಲಾಟಿಪಸ್ ಪ್ಯಾರಾ ಸಣ್ಣದು ಮಾಡ್ರಿ. 1799ರಾಗ ಇಂಗ್ಲೆಂಡಿನ ಜೀವವಿಜ್ಞಾನಿ ಜಾರ್ಜ್ ಶಾ ಅದರ ವರ್ಣನೆ ಬರೆದ್ರೂ ಮೊಟ್ಟಿ ಇಡೋದು ವಿಜ್ಞಾನಿಗಳಿಗೆ ಪಕ್ಕಾ ಆಗಿದ್ದು 1884ಕ್ಕ, ಪ್ರಾಣಿವಿಜ್ಞಾನಿ ಕಾಲ್ಡ್‌ವೆಲ್ ಆಸ್ಟ್ರೇಲಿಯಾದಿಂದ ತಂತಿ ಕಳಿಸಿದಾಗ. ಅಲ್ಲಿಂದ ಶುರು ಮಾಡ್ರಿ. ಮೊಟ್ಟಿ ಒಡೀಲಿಕ್ಕ ಸುಮಾರು 10 ದಿನ ಸಾಕು, ಆಮ್ಯಾಲ ಮೊಲಿತೊಟ್ಟೇ ಇಲ್ಲದ ತಾಯಿ ಚರ್ಮದಿಂದ ಜಿನುಗೋ ಹಾಲು ಮರಿ 3-4 ತಿಂಗಳು ಕುಡೀತಾವ. ಅಂದ್ರ ಇಲ್ಲೂ ಭಾರ ಹೊತ್ತಿದ್ದು ಹಾಲೇ.

ಇನ್ನ ನಿಮ್ಮ ಕೈಯಾಗೇ ಇದ್ದದ್ದು. ಮನ್ಯಾಗ ದೇವಣಿ ತಳಿ ಆಕಳ ಅವ ಅಂತ ಪತ್ರದಾಗ ಬರ್ದೀರಿ, ಆದ್ರ ಲೇಖನದಾಗ ಒಂದು ಆಕಳ ಭೀ ಕಾಣಂಗಿಲ್ಲ! ಆಕಳ ಗಬ್ಬ 9 ತಿಂಗಳ ಮ್ಯಾಲ, ಎಮ್ಮಿದು 10, ಆಡಿಂದು 5, ಆನಿದು 22, ಇಷ್ಟು ಒಂದೇ ಸಾಲಿನಾಗ ಹೇಳಿ ಮುಂದ ಹೋಗ್ರಿ. ನಿಲ್ಲಬೇಕಾದ ಜಾಗ ಗಿಣ್ಣದ ಹಾಲು. ಮನುಷ್ಯರಾಗ ತಾಯಿ ರಕ್ತದಾಗಿನ ರೋಗನಿರೋಧಕ ಕಣ ಪ್ಲಾಸೆಂಟಾ ದಾಟಿ ಕೂಸಿಗೆ ಹೊಟ್ಟ್ಯಾಗಿದ್ದಾಗೇ ಸಿಗ್ತಾವ, ಆದ್ರ ಆಕಳ ಎಮ್ಮಿ ಪ್ಲಾಸೆಂಟಾ, ಅಂದ್ರ ಈದ ಮ್ಯಾಲ ಬೀಳೋ ಕಸ, ಅವನ್ನ ದಾಟಿಸಂಗಿಲ್ಲ, ಹಿಂಗಾಗಿ ಕರ ಬರಿಗೈಲೇ ಹುಟ್ತದ. ಆ ಕಣ ಎಲ್ಲಾ ಗಿಣ್ಣದ ಹಾಲಿನಾಗ ಇರ್ತಾವ, ಕರದ ಕರುಳು ಅವನ್ನ ಹಂಗೇ ಹೀರೋದು ಹುಟ್ಟಿದ ಮೊದಲ ತಾಸುಗಳಾಗ ಮಾತ್ರ, 24 ತಾಸಿನ ಹೊತ್ತಿಗೆ ಆ ಬಾಗಿಲು ಮುಚ್ತದ. ಕಸ ಬೀಳೋತನ ಕರಕ್ಕ ಹಾಲು ಬಿಡಬಾರ್ದು ಅಂತ ಕಾಯೋ ಮನಿ ಇನ್ನೂ ಅವ, ಅವರಿಗೆ ನೀವು ಇದನ್ನ ಬಿಡಿಸಿ ಹೇಳಿದ್ರ ಒಂದೆರಡು ಕರ ಉಳೀತಾವ ರೀ, ಅದಕ್ಕೇ ಇಷ್ಟು ಒತ್ತಿ ಹೇಳ್ಲಾಕತ್ತೀನಿ.

ಆಕಳದ ಅವಳಿ ಬಗ್ಗೆನೂ ಒಂದು ಪ್ಯಾರಾ ಬೇಕು. ಹೋರಿಗರ, ಹೆಣ್ಗರ ಜೋಡಿ ಹುಟ್ಟಿದ್ರ ಆ ಹೆಣ್ಗರ ನೂರಕ್ಕ 90ಕ್ಕಿಂತ ಹೆಚ್ಚು ಸಲ ಬಂಜಿ ಆಗ್ತದ, ಯಾಕಂದ್ರ ಹೊಟ್ಟ್ಯಾಗ ಎರಡರ ರಕ್ತನಾಳ ಕೂಡಿ ಹೋರಿಗರದ ಹಾರ್ಮೋನು ಇದಕ್ಕ ಹರೀತಾವ, ಇದರ ಗರ್ಭಕೋಶ ಬರೋಬ್ಬರ್ ಬೆಳಿಯಂಗಿಲ್ಲ. ಅದು ಗೊತ್ತಿಲ್ದೆ ವರ್ಷಗಟ್ಲೆ ಗಬ್ಬಕ್ಕ ಕಾಯ್ತಾರ, ಆಕಳ ಮ್ಯಾಲ ಸಿಟ್ಟು ಮಾಡ್ತಾರ. ಬೀದರದಾಗೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಅದ, ಅದು ಇರೋ ನಂದಿನಗರಕ್ಕ ಹೋಗಿ ಡಾಕ್ಟರ್ರನ್ನ ಕೇಳಿ, ಅವರು ಹೇಳಿದ್ದೂ ಸೇರಿಸ್ರಿ.

ಕಡೀಗೆ, ಕೂಡೋದು, ಬೆದಿ, ಹೆರಿಗಿ ಬಂದಲ್ಲೆಲ್ಲಾ ನೀವು "ಪ್ರಕೃತಿಯ ವಿಸ್ಮಯ" ಅಂತ ಪರದಿ ಎಳ್ದೀರಿ. ಕೊಟ್ಟಿಗ್ಯಾಗ ಬೆಳೆದ ಹುಡುಗ್ರು ಅದನ್ನ ಕಣ್ಣಾರೆ ನೋಡಿರ್ತಾರ, ನಾಚ್ಕೋಳೋ ಕಾರಣಿಲ್ಲ, ನೆಟ್ಟಗ ಬರೀರಿ. ಎಂಟ್ನೂರು ಪದದಾಗ ಮುಗಿಸ್ರಿ, ಪ್ಲಾಟಿಪಸ್ಸಿಗೆ ನೂರು, ಕಾಂಗರೂಗೆ ಮುನ್ನೂರು, ಉಳಿದಿದ್ದೆಲ್ಲಾ ದೇವಣಿಗೆ. ಮುಂದಿನ ಸಂಚಿಕಿಗೆ ಜಾಗ ಇಟ್ಟಿರ್ತೀನಿ.