ಪ್ರತಿ ವರ್ಷ ಮನೆ ಕಂದಾಯ ಏರುತ್ತೆ, ನಮ್ಮ ಬೀದಿ ಚರಂಡಿ ಮಾತ್ರ ಹಾಗೇ ಇದೆ. ಪುರಸಭೆಯಲ್ಲಿ ಇದನ್ನೆಲ್ಲ ಯಾರು ತೀರ್ಮಾನ ಮಾಡ್ತಾರೆ?

ಏರಿಕೆಯ ಮಟ್ಟಿಗೆ ಕೌನ್ಸಿಲ್ಲಿನ ಕೈ ಬಹಳ ಕಟ್ಟಿದೆ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಗೆ ತಂದ ತಿದ್ದುಪಡಿಯಿಂದ, ಈಗ ವರ್ಷಕ್ಕೆ ಶೇ 3ರಿಂದ 5ರವರೆಗೆ ಏರಿಸಲೇಬೇಕು. ಎಷ್ಟು ಅನ್ನೋದಷ್ಟೇ ಸದಸ್ಯರ ಪಾಲಿನ ಚರ್ಚೆ.

ನಿಮ್ಮ ಚಲನ್ ಒಮ್ಮೆ ಬಿಡಿಸಿ ನೋಡಿ. ಆಸ್ತಿ ತೆರಿಗೆಯ ಕೆಳಗೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ (ಭಿಕ್ಷುಕರ ಪುನರ್ವಸತಿಗೆ) ಶೇ 3 ಎಂದು ಸಾಲಾಗಿ ಇರುತ್ತೆ. ಅಂದರೆ ತೆರಿಗೆ 1,000 ರೂಪಾಯಿ ಆದರೆ ಈ ಮೂರರಿಂದಲೇ ಇನ್ನೂ 240. ಗ್ರಂಥಾಲಯದ್ದು, ಭಿಕ್ಷುಕರದ್ದು ಪುರಸಭೆ ವಸೂಲಿ ಮಾಡಿ ಆಯಾ ಇಲಾಖೆಗೆ ಕಟ್ಟುವ ದುಡ್ಡು. ಅದರಲ್ಲಿ ನಿಮ್ಮ ಚರಂಡಿ ಆಗೋದಿಲ್ಲ. ಉಳಿದದ್ದರಲ್ಲೂ ಬೀದಿದೀಪ, ನೀರಿನ ಮೋಟರು ರಿಪೇರಿ, ಕಸದ ಗಾಡಿಯ ಡೀಸೆಲ್ ಮೊದಲು ನುಂಗುತ್ತವೆ. ದೊಡ್ಡ ಕಾಮಗಾರಿಗೆ ಹೆಚ್ಚಾಗಿ ಹಣಕಾಸು ಆಯೋಗದ ಅನುದಾನವೇ ಗತಿ.

ಆದರೆ ಆ ಅನುದಾನದಲ್ಲಿ ಯಾವ ವಾರ್ಡಿಗೆ ಯಾವ ಕೆಲಸ ಅನ್ನೋ ಕ್ರಿಯಾ ಯೋಜನೆ ಕೌನ್ಸಿಲ್ ಮುಂದೆ ಬರುತ್ತೆ. ನೀವು ಹಿಡಿಯಬೇಕಾದ ಜಾಗ ಅದು. ಬಜೆಟ್ಟಿಗೆ ಮೊದಲು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತಾರೆ, ಬಹಳ ಊರುಗಳಲ್ಲಿ ಕುರ್ಚಿಗಳು ಖಾಲಿ ಇರುತ್ತವೆ, ಅದು ನೋಡಿದರೆ ಹೊಟ್ಟೆ ಉರಿಯುತ್ತೆ. ಬೀದಿಯ ಹತ್ತು ಮನೆಯವರು ಸಹಿ ಹಾಕಿದ ಅರ್ಜಿ, ಚರಂಡಿಯ ಫೋಟೋ ಹಿಡಿದು ಹೋಗಿ. ಮುಖ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ವಾರ್ಡ್ ಸದಸ್ಯರಿಗೆ. ಆಮೇಲೆ ಸಭೆಯ ನಡವಳಿಯ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ.

ಮತ್ತೆ, ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿ, ಶೇ 5 ರಿಯಾಯಿತಿ ಸಿಗುತ್ತೆ.