ಕೊಲಂಬಸ್ ಹತ್ತಿದರೇ ವಾಂತಿ ಬರುತ್ತೆ, ವಂಡರ್‌ಲಾಗೆ ಹೋಗೋದು ಹೇಗೆ?

ದುಗ್ಗಮ್ಮನ ಜಾತ್ರೇಲಿ ಕೊಲಂಬಸ್ (ಹಡಗಿನ ಆಕಾರದ ದೊಡ್ಡ ತೂಗುಯ್ಯಾಲೆ) ಹತ್ತಿ ಇಳಿದ ತಕ್ಷಣ ವಾಂತಿ ಆಯ್ತು, ಮುಂದಿನ ತಿಂಗಳು ಮನೆಮಂದಿಯೆಲ್ಲ ಬಸ್ಸಲ್ಲಿ ವಂಡರ್‌ಲಾಗೆ ಹೊರಟಿದ್ದೀವಿ, ಏಳು ವರ್ಷದ ಮಗನೂ ಬರ್ತಾನೆ, ಏನು ಮಾಡ್ಲಿ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರೋನು. ಡಾಕ್ಟರಲ್ಲ. ಆದರೆ ಜಾತ್ರೆ, ಶಾಲಾ ಪ್ರವಾಸದ ಕಾಲ ಬಂತಂದ್ರೆ "ಅಣ್ಣಾ, ವಾಂತಿ ಗುಳಿಗಿ ಕೊಡ್ರಿ" ಅನ್ನೋ ಮಾತು ನಮ್ಮ ಕೌಂಟರ್‌ನಲ್ಲಿ ದಿನಾ ಕೇಳ್ತೀನಿ.

ನೀವು ಮೊದಲು ನೋಡ್ಕೋಬೇಕಾದ್ದು ವಂಡರ್‌ಲಾ ಗೇಟಿನವರೆಗಿನ ದಾರಿ. ಇಲ್ಲಿಂದ ಬೆಂಗಳೂರೇ ಸುಮಾರು 260 ಕಿಲೋಮೀಟರ್, ಅದನ್ನ ದಾಟಿ ಬಿಡದಿ ಹತ್ತಿರ ಹೋಗಬೇಕು. ನಸುಕಿನಲ್ಲೇ ಎದ್ದು, ನಿದ್ದೆಗೆಟ್ಟು, ಹಿಂದಿನ ಸೀಟಲ್ಲಿ ಮೊಬೈಲ್ ನೋಡ್ತಾ ಹೋದರೆ ಪಾರ್ಕ್ ತಲುಪೋ ಹೊತ್ತಿಗೆ ಹೊಟ್ಟೆ ಆಗಲೇ ಅರ್ಧ ಕೆಟ್ಟಿರುತ್ತೆ. ಆಮೇಲೆ ಪಾಪ, ರೈಡ್ ಮೇಲೆ ತಪ್ಪು ಹೊರಿಸ್ತೀವಿ. ಬಸ್ಸಿನ ಮುಂಭಾಗದಲ್ಲಿ, ರಸ್ತೆ ಕಾಣೋ ಸೀಟು ಹಿಡೀರಿ. ಮಗನ ಕೈಗೆ ಮೊಬೈಲ್ ಕೊಡಬೇಡಿ. ಅವನ ವಯಸ್ಸಿನ ಮಕ್ಕಳಿಗೆ ಈ ಕಾಟ ದೊಡ್ಡವರಿಗಿಂತ ಜಾಸ್ತಿ. ಬೆಳಿಗ್ಗೆ ಬೆಣ್ಣೆ ದೋಸೆ ಬೇಡ (ದಾವಣಗೆರೆಯವನಾಗಿ ಇದನ್ನ ಹೇಳೋಕೆ ಸಂಕಟ ಆಗುತ್ತೆ). ಹಾಗಂತ ಖಾಲಿ ಹೊಟ್ಟೇಲೂ ಹೋಗಬೇಡಿ. ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು.

ಯಾಕೆ ಹೀಗಾಗುತ್ತೆ ಅಂದ್ರೆ, ಒಳಕಿವಿಯಲ್ಲಿ ಮೂರು ಅರ್ಧವರ್ತುಲ ನಾಳಗಳಿವೆ, ಅವುಗಳಲ್ಲಿ ದ್ರವ ಇರುತ್ತೆ. ತಲೆ ತಿರುಗಿದ್ದನ್ನ ಮೆದುಳಿಗೆ ತಿಳಿಸೋದು ಆ ದ್ರವದ ಅಲುಗಾಟ. ನೀರು ತುಂಬಿದ ಕೊಡವನ್ನ ಗಿರಗಿರ ತಿರುಗಿಸಿ ಗಕ್ಕನೆ ನಿಲ್ಲಿಸಿದರೆ ಒಳಗಿನ ನೀರು ಇನ್ನೂ ಸುತ್ತುತ್ತಲೇ ಇರುತ್ತಲ್ಲ, ಹಾಗೇ ಇಲ್ಲೂ. ರೈಡ್ ನಿಂತಿದೆ ಅಂತ ಕಣ್ಣು ಹೇಳುತ್ತೆ, ಇನ್ನೂ ತಿರುಗ್ತಿದೀವಿ ಅಂತ ಕಿವಿ ಹೇಳುತ್ತೆ. ಈ ತಕರಾರಿನಲ್ಲೇ ಹೊಟ್ಟೆ ತೊಳಸೋದು.

ಹಾಗಾಗಿ ರೋಲರ್ ಕೋಸ್ಟರ್‌ಗೆ ಹೆದರೋರು ಟೋರಾ ಟೋರಾ, ಬ್ರೇಕ್ ಡ್ಯಾನ್ಸ್‌ನಂಥ ಸುತ್ತೋ ರೈಡ್‌ಗಳಿಗೆ ಹೆದರಬೇಕು. ಕೋಸ್ಟರ್ ಒಂದೆರಡು ನಿಮಿಷದಲ್ಲಿ ಮುಗಿಯುತ್ತೆ, ಎದುರಿನ ಹಳಿ ಕಾಣ್ತಿರುತ್ತೆ, ಮುಂದೆ ಬರೋ ತಿರುವಿಗೆ ಮೈ ತಯಾರಾಗಿರುತ್ತೆ. ಹಿಮ್ಮುಖವಾಗಿ ಓಡೋದು ಮಾತ್ರ ಬೇಡ. ಗಿರಗಿರ ಸುತ್ತೋವು ಮತ್ತು ನಿಮ್ಮ ಕೊಲಂಬಸ್‌ನಂತೆ ನಿಧಾನಕ್ಕೆ ತೂಗೋವು ಹೊಟ್ಟೆಗೆ ಕಷ್ಟ. ಜಾತ್ರೇಲಿ ಹುಡುಗರೆಲ್ಲ ಹೋ ಅಂತ ಕೊಲಂಬಸ್‌ನ ತುದಿಗೆ ಓಡ್ತಾರೆ. ಅತಿ ಹೆಚ್ಚು ತೂಗೋದೇ ಆ ತುದಿ. ಹತ್ತಲೇಬೇಕು ಅಂದ್ರೆ ನಟ್ಟನಡುವೆ ಕೂತ್ಕೊಳ್ಳಿ.

ಕೂತ ಮೇಲೆ ತಲೆಯನ್ನ ಸೀಟಿಗೆ ಒತ್ತಿ ಹಿಡೀರಿ. ಸುತ್ತುತ್ತಿರುವಾಗ ಪಕ್ಕದಲ್ಲಿ ಕಿರುಚ್ತಿರೋ ತಮ್ಮನ ಕಡೆ ಕತ್ತು ಹೊರಳಿಸೋದು, ಕೆಳಗೆ ಬಗ್ಗಿ ಚಪ್ಪಲಿ ಹುಡುಕೋದು ಮಾಡಿದ್ರೋ, ಮುಗೀತು. ದೂರದಲ್ಲಿ ಅಲುಗಾಡದ ಏನಾದ್ರೂ ಕಂಡರೆ ಅದನ್ನೇ ನೋಡಿ; ಎಲ್ಲವೂ ಸುತ್ತುತ್ತಿದ್ದರೆ ಕಣ್ಣು ಮುಚ್ಚಿ. ಒಂದು ಸುತ್ತೋ ರೈಡ್ ಆದ ಮೇಲೆ ಇನ್ನೊಂದಕ್ಕೆ ಸೀದಾ ಹೋಗಬೇಡಿ. ನೆರಳಲ್ಲಿ ಅರ್ಧ ಗಂಟೆ ಕೂತು, ಮಜ್ಜಿಗೆನೋ ನೀರೋ ಗುಟುಕು ಗುಟುಕಾಗಿ ಕುಡೀರಿ.

ಇನ್ನು ಗುಳಿಗೆ. ಬಸ್ ಹಾರ್ನ್ ಹೊಡೀತಿರುವಾಗ ಓಡಿ ಬಂದು ಅವೋಮಿನ್ ಇಸ್ಕೊಂಡು ಅಲ್ಲೇ ನುಂಗೋರೇ ಜಾಸ್ತಿ. ಅದರಲ್ಲಿರೋದು ಪ್ರೋಮೆಥಜಿನ್, ಕೆಲಸ ಶುರುಮಾಡೋಕೆ ಹೊತ್ತು ಬೇಕು. ಹೊರಡೋಕೆ ಒಂದೆರಡು ಗಂಟೆ ಮೊದಲೇ ತಗೋಬೇಕು. ಓಕರಿಕೆ ಶುರುವಾದ ಮೇಲೆ ನುಂಗಿದ್ದು ಹೆಚ್ಚಾಗಿ ವಾಂತಿ ಜೊತೆಗೇ ಆಚೆ ಬರುತ್ತೆ. ಬಾಯಿ ಒಣಗುತ್ತೆ, ನಿದ್ದೆ ಎಳೆಯುತ್ತೆ, ಆದ್ದರಿಂದ ಗಾಡಿ ಓಡಿಸೋರಿಗೆ ಬೇಡವೇ ಬೇಡ. ಇನ್ನು ಕೆಲವರು ಜ್ವರ-ವಾಂತಿಗೆ ಹಿಂದೆ ಬರೆದುಕೊಟ್ಟಿದ್ದ ಆನ್‌ಡಾನ್‌ಸೆಟ್ರಾನ್ ಮನೇಲಿದೆ, ಅದನ್ನೇ ತಗೊಳ್ಲಾ ಅಂತಾರೆ. ಈ ತರದ ವಾಂತಿಗೆ ಅದರಿಂದ ಅಂಥ ಉಪಯೋಗ ಇಲ್ಲ. ಮಗನಿಗೆ ನಿಮ್ಮ ಗುಳಿಗೆ ಮುರಿದು ಕೊಡಬೇಡಿ, ಪ್ರಮಾಣವನ್ನ ಮಕ್ಕಳ ಡಾಕ್ಟರ ಹತ್ತಿರ ಕೇಳಿ. ಎರಡು ವರ್ಷದ ಒಳಗಿನ ಕೂಸಿಗಂತೂ ಪ್ರೋಮೆಥಜಿನ್ ಕೊಡಲೇಬಾರದು. ಶುಂಠಿ ಕೆಲವರಿಗೆ ಹಿಡಿಸುತ್ತೆ, ಕೆಲವರಿಗೆ ಇಲ್ಲ. ಜೇಬಲ್ಲಿ ಒಂದು ಚೂರು ಇದ್ದರೆ ನಷ್ಟವೇನಿಲ್ಲ.

ಮನೆಯಲ್ಲಿ ಬಸುರಿಯರು, ಹೃದಯದ ತೊಂದರೆ ಇರೋರು, ಕತ್ತು-ಬೆನ್ನು ನೋವಿನವರು ಇದ್ದರೆ ಇಂಥ ರೈಡ್‌ಗಳಿಂದ ದೂರ ಇರಲಿ.

ಒಂದು ವಿಷಯ ಮಾತ್ರ ನೀವು ಬರೆದಿಲ್ಲ: ರೈಡ್, ಬಸ್ಸು ಏನೂ ಇಲ್ಲದೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಕೋಣೆ ಗಿರ್ರಂತ ತಿರುಗುತ್ತಾ? ಹಾಗಿದ್ದರೆ ಅದು ಬೇರೆ ತೊಂದರೆ, ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿರಬಹುದು. ಹೋಗೋ ಮೊದಲು ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ತಲೆಯನ್ನ ಒಂದು ಕ್ರಮದಲ್ಲಿ ತಿರುಗಿಸಿಯೇ ಅದನ್ನ ಎಷ್ಟೋ ಸಲ ಸರಿಮಾಡ್ತಾರೆ.