ಪಟ್ಟಿಯಲ್ಲಿ ತಳಿಗಳ ಹೆಸರಿತ್ತು, ಮಾಲೀಕರ ಮಾತೇ ಇರಲಿಲ್ಲ

ಹುಬ್ಬಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು: ‘ಪಕ್ಕದ ಮನೆಯವರು ರಾಟ್‌ವೀಲರ್ ಸಾಕಿದ್ದಾರೆ. ಹಗಲೆಲ್ಲ ಮೆಟ್ಟಿಲ ಕೆಳಗೆ ಗಿಡ್ಡ ಸರಪಳಿಯಲ್ಲಿ ಕಟ್ಟಿರುತ್ತಾರೆ. ಎರಡು ಸಲ ಗೇಟ್ ತೆಗೆದಾಗ ಬೀದಿಗೆ ನುಗ್ಗಿದೆ. ನನ್ನ ಆರು ವರ್ಷದ ಮಗಳು ಆ ಕಡೆ ಹೋಗೋದನ್ನೇ ಬಿಟ್ಟಿದ್ದಾಳೆ. ಕೇಂದ್ರ ಸರ್ಕಾರ ಇಂಥ ನಾಯಿಗಳನ್ನು ನಿಷೇಧಿಸಿತ್ತು, ಹೈಕೋರ್ಟ್ ಅದನ್ನು ರದ್ದು ಮಾಡಿತು, ನಿಮ್ಮ ಪತ್ರಿಕೆ ಅದನ್ನು ಮೆಚ್ಚಿ ಬರೆಯಿತು. ಚೆನ್ನೈನ ಪಾರ್ಕಿನಲ್ಲಿ ಮಗುವಿಗೆ ಆದದ್ದು ಮರೆತುಹೋಯಿತಾ? ನಾಯಿ ಸಾಕುವವರ ಹಕ್ಕು ದೊಡ್ಡದಾ, ನನ್ನ ಮಗಳ ಜೀವ ದೊಡ್ಡದಾ?’

ನಮಸ್ಕಾರ. ನಿಮ್ಮ ಮಗಳ ಜೀವವೇ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಹೆದರಿಕೆಯೂ ನ್ಯಾಯವಾದದ್ದೇ. ‘ಏನೂ ಮಾಡಲ್ಲ ಬನ್ನಿ, ಕಚ್ಚಲ್ಲ’ ಎಂದು ನಾಯಿಯವರು ನಗುತ್ತಾ ಹೇಳೋದನ್ನು ನಾವೆಲ್ಲ ಕೇಳಿದ್ದೇವೆ. ಐವತ್ತು ಕಿಲೋ ತೂಗುವ ಪ್ರಾಣಿ ಎದುರಿಗೆ ಬಂದಾಗ ಆ ಮಾತನ್ನು ನಂಬಬೇಕಾದ ಹೊಣೆ ಆರು ವರ್ಷದ ಮಗುವಿನ ಮೇಲೆ ಇಲ್ಲ.

ಆದರೂ ಆ ನಿಷೇಧದ ವಿಷಯದಲ್ಲಿ ನಮ್ಮ ಅಭಿಪ್ರಾಯ ಬದಲಾಗಿಲ್ಲ. ಯಾಕೆ ಅಂತ ಹೇಳುತ್ತೇವೆ.

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ಹೊರದೇಶದಿಂದ ತರುವ ಹಾಗಿಲ್ಲ, ಮರಿ ಮಾಡಿಸುವ ಹಾಗಿಲ್ಲ, ಮಾರುವ ಹಾಗಿಲ್ಲ ಎಂದಿತು. ಕರ್ನಾಟಕ ಹೈಕೋರ್ಟ್ ಒಂದೇ ವಾರದಲ್ಲಿ ತಡೆ ಕೊಟ್ಟು, ಏಪ್ರಿಲ್ 10ರಂದು ಅದನ್ನು ರದ್ದು ಮಾಡಿತು. ಸಂಬಂಧಪಟ್ಟ ಯಾರನ್ನೂ ಕೇಳದೆ ಹೀಗೆ ಮಾಡುವಂತಿಲ್ಲ, ಬೇಕಿದ್ದರೆ ಕ್ರಮ ಪ್ರಕಾರ ಎಲ್ಲರನ್ನೂ ಕೇಳಿ ಹೊಸದಾಗಿ ತನ್ನಿ ಎಂಬುದು ತೀರ್ಪಿನ ತಿರುಳು. ಅಂದರೆ ಕೋರ್ಟ್ ಬಾಗಿಲು ಮುಚ್ಚಿಲ್ಲ.

ಈಗ ಆ ಸುತ್ತೋಲೆ ಹಾಗೇ ಉಳಿದಿದ್ದರೆ ನಿಮ್ಮ ಬೀದಿಯಲ್ಲಿ ಏನಾಗುತ್ತಿತ್ತು ನೋಡಿ. ಈಗಾಗಲೇ ಮನೆಯಲ್ಲಿರುವ ನಾಯಿಗೆ ಅದು ಹೇಳಿದ್ದು ಒಂದೇ: ಮರಿ ಆಗದಂತೆ ಆಪರೇಷನ್ ಮಾಡಿಸಿ. ಗೇಟ್ ಭದ್ರ ಮಾಡಿ ಅಂತ ಹೇಳಲಿಲ್ಲ. ಹೊರಗೆ ಕರೆದೊಯ್ಯುವಾಗ ಬೆಲ್ಟ್ ಹಿಡಿಯಿರಿ, ಮೂತಿಗೆ ಕುಕ್ಕೆ ಹಾಕಿ ಅಂತಲೂ ಹೇಳಲಿಲ್ಲ. ಪಕ್ಕದ ಮನೆಯ ರಾಟ್‌ವೀಲರ್ ಅದೇ ಮೆಟ್ಟಿಲ ಕೆಳಗೆ, ಅದೇ ಗಿಡ್ಡ ಸರಪಳಿಯಲ್ಲಿ ಇರುತ್ತಿತ್ತು. ಚೆನ್ನೈನಲ್ಲಿ 2024ರ ಮೇ ತಿಂಗಳಲ್ಲಿ ಐದು ವರ್ಷದ ಮಗುವಿನ ಮೇಲೆ ಎರಗಿದ ಎರಡು ರಾಟ್‌ವೀಲರ್‌ಗಳೂ ಮೊದಲೇ ಸಾಕಿದ್ದವು. ಪಾರ್ಕಿನಲ್ಲಿ ಅವುಗಳನ್ನು ಸುಮ್ನೆ ಬಿಟ್ಟಿದ್ದರು. ಮಾರಾಟ ನಿಲ್ಲಿಸುವ ಆದೇಶ ಆ ಸಂಜೆ ಮಗುವನ್ನು ಕಾಯುತ್ತಿರಲಿಲ್ಲ.

ಪಟ್ಟಿಯೂ ಅವಸರದ್ದು. ಅದರಲ್ಲಿ ಟೋಸಾ ನಾಯಿ ಎರಡು ಸಲ ಬಂದಿದೆ. ‘ಟೆರಿಯರ್‌ಗಳು’ ಎಂದಷ್ಟೇ ಬರೆದು ಬಿಟ್ಟಿದ್ದಾರೆ. ಹಾಗಾದರೆ ಮೊಣಕಾಲೆತ್ತರವೂ ಇಲ್ಲದ ಜಾಕ್ ರಸೆಲ್ ಕೂಡ ಭಯಂಕರ ನಾಯಿ ಆಯಿತು! ಬಾಲ್ಕನ್ ಬೆಟ್ಟಗಳ ಕುರಿಕಾಯುವ ಟೋರ್ನ್ಯಾಕ್ ಪಟ್ಟಿಯಲ್ಲಿದೆ, ನಮ್ಮ ಕಡೆ ಅದನ್ನು ಕಂಡವರೆಷ್ಟು ಜನ? ಬೇಟೆಗೆಂದೇ ಬೆಳೆಸಿದ ನಮ್ಮ ಮುಧೋಳ ನಾಯಿ ಪಟ್ಟಿಯಲ್ಲಿಲ್ಲ. ಇರಬೇಕಿತ್ತು ಅಂತಲ್ಲ. ಯಾವ ಲೆಕ್ಕದಲ್ಲಿ ಆರಿಸಿದರು ಎನ್ನುವುದೇ ಕಾಣುವುದಿಲ್ಲ ಅಂತ.

ಇಂಗ್ಲೆಂಡ್ ಈ ದಾರಿಯಲ್ಲಿ ಮೂವತ್ತು ವರ್ಷ ನಡೆದಿದೆ. 1991ರ ಕಾಯ್ದೆಯಲ್ಲಿ ಪಿಟ್‌ಬುಲ್, ಟೋಸಾ, ಡೋಗೋ ಅರ್ಜೆಂಟಿನೋ, ಫಿಲಾ ಬ್ರೆಸಿಲೇರೊ, ಈ ನಾಲ್ಕನ್ನು ನಿಷೇಧಿಸಿದರು. ದಾಂಡಿಗ ನಾಯಿ ಬೇಕು ಅನ್ನುವವರು ಸುಮ್ಮನಾಗಲಿಲ್ಲ. ಎಕ್ಸ್‌ಎಲ್ ಬುಲ್ಲಿ ಅಂತ ಹೊಸ ಬಗೆ ಬಂತು. ಜನ ಸತ್ತರು. 2023ರ ಕೊನೆಯಲ್ಲಿ ಅದನ್ನೂ ಪಟ್ಟಿಗೆ ಸೇರಿಸಿದರು. ಸೇರಿಸಿದ ಮೇಲೆ ಇನ್ನೊಂದು ಪೇಚು: ಅದು ಅಲ್ಲಿನ ಕೆನೆಲ್ ಕ್ಲಬ್ (ನಾಯಿ ತಳಿಗಳನ್ನು ದಾಖಲಿಸುವ ಸಂಸ್ಥೆ) ಒಪ್ಪಿದ ತಳಿಯೇ ಅಲ್ಲ. ಹೇಗೆ ಗುರುತಿಸೋದು? ಕೊನೆಗೆ ಟೇಪ್ ಹಿಡಿಯಬೇಕಾಯಿತು. ಭುಜದ ಹತ್ತಿರ ಗಂಡು 51 ಸೆಂಟಿಮೀಟರ್, ಹೆಣ್ಣು 48 ಸೆಂಟಿಮೀಟರ್ ಎತ್ತರ ಇದ್ದು, ತಲೆ, ದವಡೆ, ಎದೆ ಹೀಗ್ಹೀಗೆ ಇದ್ದರೆ ನಿಷೇಧಿತ. ಈ ಅಳತೆಯಲ್ಲಿ ಎಲ್ಲ ಸಿಗುತ್ತದೆ, ಆ ನಾಯಿಯನ್ನು ಮನೆಯಲ್ಲಿ ಹೇಗೆ ಬೆಳೆಸಿದರು ಅನ್ನೋದು ಮಾತ್ರ ಸಿಗುವುದಿಲ್ಲ. ನೆದರ್‌ಲ್ಯಾಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಚ್ಚುವುದು ಕಡಿಮೆಯಾಗಲಿಲ್ಲ ಎಂದು 2008ರಲ್ಲಿ ಅದನ್ನು ಕೈಬಿಡಲು ತೀರ್ಮಾನಿಸಿತು. ಕೆನಡಾದ ಕ್ಯಾಲ್ಗರಿ ನಗರ ತಳಿಯ ಗೊಡವೆಗೇ ಹೋಗಲಿಲ್ಲ. ಎಲ್ಲ ನಾಯಿಗೂ ಲೈಸೆನ್ಸ್, ತಪ್ಪಿದ ಮಾಲೀಕರಿಗೆ ಬಿಸಿ ಮುಟ್ಟುವ ದಂಡ. ನಮಗೆ ಇಷ್ಟವಾಗುವ ದಾರಿ ಇದೇ.

ತಳಿ ಲೆಕ್ಕಕ್ಕೇ ಇಲ್ಲ ಅಂತ ನಾವು ಹೇಳುತ್ತಿಲ್ಲ. ಪೊಮೆರೇನಿಯನ್ ಕಚ್ಚಿದರೆ ಗಾಯ, ರಾಟ್‌ವೀಲರ್ ಕಚ್ಚಿದರೆ ಜೀವವೇ ಹೋಗಬಹುದು. 2022ರ ಜುಲೈಯಲ್ಲಿ ಲಖನೌನಲ್ಲಿ 82 ವರ್ಷದ ಅಜ್ಜಿಯನ್ನು ಮನೆಯದೇ ಪಿಟ್‌ಬುಲ್ ಕೊಂದಿತು. ಹಾಗಾಗಿ ದೊಡ್ಡ, ಬಲವಾದ ನಾಯಿ ಸಾಕುವವರಿಗೆ ನಿಯಮ ಜಾಸ್ತಿ ಬಿಗಿ ಇರಲೇಬೇಕು. ಎತ್ತರದ ಕಾಂಪೌಂಡ್, ಎರಡು ಚಿಲಕದ ಗೇಟ್, ಲಿಫ್ಟಿನಲ್ಲಿ ಬಾಯಿಕುಕ್ಕೆ, ಹಿಡಿಯಲು ಶಕ್ತಿ ಇರುವ ದೊಡ್ಡವರ ಕೈಯಲ್ಲೇ ಬೆಲ್ಟ್. ಇಷ್ಟು ಆಗದವರು ಅಂಥ ನಾಯಿ ತರಬಾರದು. ಹಿಮದ ಬೆಟ್ಟದಲ್ಲಿ ಕುರಿ ಕಾಯಬೇಕಾದ ಕಕೇಶಿಯನ್ ಶೆಫರ್ಡನ್ನು ತಂದು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕಟ್ಟುವುದು ಪ್ರಾಣಿಪ್ರೀತಿ ಅಲ್ಲ, ಬರೀ ಶೋಕಿ.

ನಿಮ್ಮ ಪತ್ರದಲ್ಲಿ ನಮ್ಮನ್ನು ಜಾಸ್ತಿ ಕಾಡಿದ್ದು ಆ ಗಿಡ್ಡ ಸರಪಳಿ. ಮರಿಗೆ ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದೊಳಗೆ ಮಕ್ಕಳು, ಸ್ಕೂಟರ್, ಹಾಲಿನವರು, ಛತ್ರಿ ಹಿಡಿದವರು ಎಲ್ಲ ಪರಿಚಯ ಆಗಬೇಕು. ಆಗದಿದ್ದರೆ ದೊಡ್ಡದಾದ ಮೇಲೆ ಕಂಡದ್ದೆಲ್ಲ ಶತ್ರು. ಮೇಲಿಂದ ದಿನವಿಡೀ ಕಟ್ಟಿಹಾಕಿದರೆ, ಓಡಿಹೋಗಲು ಜಾಗವಿಲ್ಲದ ಪ್ರಾಣಿಗೆ ಉಳಿಯುವುದು ಹಲ್ಲೊಂದೇ. ಅದು ಕಚ್ಚುವ ಮೊದಲು ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಮುಖ ಆಚೆ ತಿರುಗಿಸುತ್ತದೆ, ಸುಮ್ಮಸುಮ್ಮನೆ ತುಟಿ ನೆಕ್ಕುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ, ಮೈ ಮರಗಟ್ಟಿದಂತೆ ನಿಲ್ಲುತ್ತದೆ, ಆಮೇಲೆ ಗುರ್ ಅನ್ನುತ್ತದೆ. ಗುರ್ ಅಂದದ್ದಕ್ಕೆ ಹೊಡೆದು ಬಾಯಿ ಮುಚ್ಚಿಸುವ ಮನೆಗಳಿವೆ. ಆ ನಾಯಿ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಬೊಗಳುವ ನಾಯಿ ಕಚ್ಚಲ್ಲ ಅನ್ನೋ ಗಾದೆಯನ್ನಂತೂ ಮಗಳಿಗೆ ಕಲಿಸಬೇಡಿ.

ಇನ್ನು ನೀವು ಮಾಡಬಹುದಾದದ್ದು. ಹೊಸ ಕಾಯ್ದೆಗೆ ಕಾಯಬೇಕಿಲ್ಲ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾಯಿ ಕಚ್ಚಿರಲೇಬೇಕು ಅಂತ ಅದರಲ್ಲಿಲ್ಲ, ನಿರ್ಲಕ್ಷ್ಯವೇ ಅಪರಾಧ. ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ, ಅಪಾಯಕಾರಿ ಪ್ರಾಣಿಯನ್ನು ಕೂಡಿಹಾಕಿ ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಎರಡರಲ್ಲೂ ತಳಿಯ ಮಾತೇ ಇಲ್ಲ. ಜೊತೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ: ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಕಟ್ಟಿದ ನಾಯಿಯನ್ನು ಓಡಾಡಿಸದೇ ಇರುವುದು, ಎರಡೂ ತಪ್ಪು. ನಿಮ್ಮ ಮಗಳಿಗೂ ಆ ನಾಯಿಗೂ ಒಂದೇ ದೂರಿನಲ್ಲಿ ನ್ಯಾಯ ಕೇಳಬಹುದು.

ಮೊದಲು ಆ ಮನೆಯವರ ಹತ್ತಿರ, ಇನ್ನೊಬ್ಬ ನೆರೆಯವರನ್ನು ಜೊತೆಗೆ ಕರೆದುಕೊಂಡು, ಸಮಾಧಾನದಿಂದ ಮಾತಾಡಿ. ಬದಲಾಗದಿದ್ದರೆ ಗೇಟಿನಿಂದ ನಾಯಿ ನುಗ್ಗಿದ ತಾರೀಕು, ಹೊತ್ತು, ನೋಡಿದವರ ಹೆಸರು ಬರೆದು, ಸರಪಳಿಯ ಫೋಟೋ ಸೇರಿಸಿ, ಪೊಲೀಸ್ ಠಾಣೆಗೂ ಪಾಲಿಕೆಗೂ ಕೊಡಿ. ದೂರು ತಲುಪಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಅಪ್ಪಿತಪ್ಪಿ ಯಾರಿಗಾದರೂ ಕಚ್ಚಿದರೆ ಹದಿನೈದು ನಿಮಿಷ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ’ ಅಂದರು ಅಂತ ಮನೆಯಲ್ಲಿ ಕೂರಬೇಡಿ. ದೂರಿನ ಒಂದು ಪ್ರತಿ ನಮಗೂ ಕಳಿಸಿ. ತಿಂಗಳಾದರೂ ಯಾರೂ ತಿರುಗಿ ನೋಡದಿದ್ದರೆ ಆ ವಿಷಯ ನಾವೇ ಬರೆಯುತ್ತೇವೆ.

– ಸಂಪಾದಕ